ಬಿಎಸ್‌ಸಿ ಮಾಡಿದ್ರೆ ಮೇಷ್ಟ್ರೇ ಆಗ್ಬೇಕಾ?

ಪ್ರಶ್ನೆ: ಸರ್, ಮಗಳಿಗೆ ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂದಿದೆ, ಸಿಇಟಿ ರ‍್ಯಾಂಕ್ ಮಾತ್ರ ಕೈಕೊಟ್ಟಿತು. ದಾವಣಗೆರೆಯಲ್ಲೇ ಬಿಎಸ್‌ಸಿಗೆ ಸೇರಿಸೋಣ ಅಂತಿದ್ದೇವೆ. ಆದರೆ ಬಿಎಸ್‌ಸಿ ಮಾಡಿದ್ರೆ ಟೀಚರ್ ಕೆಲಸ ಬಿಟ್ಟು ಬೇರೇನೂ ಇಲ್ಲ ಅಂತಾರಲ್ಲ, ನಿಜಾನಾ?

ಉತ್ತರ: ಸಿಇಟಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಹರಿಹರದಿಂದ, ಇನ್ನೊಂದು ವರ್ಷ ಜಗಳೂರಿನಿಂದ, ಹೊಳಲ್ಕೆರೆಯಿಂದ. 'ಅಂತಾರಲ್ಲ' ಅನ್ನುವವರು ಯಾರು ಅಂತ ಕೇಳಿದರೆ ಮಾತ್ರ ಯಾರೂ ಹೆಸರು ಹೇಳುವುದಿಲ್ಲ.

ಬರೀ ಬಿಎಸ್‌ಸಿ ಇಟ್ಟುಕೊಂಡು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಲು ಬರುವುದೇ ಇಲ್ಲ, ಗೊತ್ತಾ? ಹೈಸ್ಕೂಲಿಗೆ ಬಿ.ಇಡಿ ಬೇಕು, ಅದು ಈಗ 2 ವರ್ಷ. 6ರಿಂದ 8ನೇ ತರಗತಿಗೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಪಾಸಾಗಿರಬೇಕು. ಪಿಯು ಕಾಲೇಜಿಗೆ ಎಂಎಸ್‌ಸಿ ಜೊತೆಗೆ ಬಿ.ಇಡಿ. ಡಿಗ್ರಿ ಕಾಲೇಜಿಗೆ ಎಂಎಸ್‌ಸಿಯಲ್ಲಿ 55 ಪರ್ಸೆಂಟ್, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್‌ಡಿ. ಇಷ್ಟೆಲ್ಲ ಮುಗಿಸಿಯೂ ಅತಿಥಿ ಉಪನ್ಯಾಸಕರಾಗಿಯೇ ವರ್ಷ ದೂಡುತ್ತಿರುವವರು ಎಷ್ಟು ಜನ ಬೇಕು ನಿಮಗೆ? 'ಏನೂ ಸಿಗದಿದ್ದರೆ ಮೇಷ್ಟ್ರು' ಅಂತ ಹೇಳುವವರು ಅರ್ಜಿ ಫಾರಂ ಒಂದನ್ನೂ ಓದಿದವರಲ್ಲ. ಎಲ್ಲಕ್ಕಿಂತ ಕಷ್ಟದ ದಾರಿಯನ್ನೇ ಕೊನೇ ಗತಿ ಅಂತ ಕರೆಯುತ್ತಿದ್ದಾರೆ.

ಹಾಗಾದರೆ ಈ ಮಾತು ಹುಟ್ಟಿದ್ದಾದರೂ ಎಲ್ಲಿ? ನಮ್ಮ ಊರಲ್ಲಿ ಕಣ್ಣಿಗೆ ಬೀಳುವ ಬಿಎಸ್‌ಸಿಯವರು ಮೇಷ್ಟ್ರುಗಳೇ. ಉಳಿದವರು ಊರು ಬಿಟ್ಟಿರುತ್ತಾರೆ. ಜಿಗಣಿ, ಬೊಮ್ಮಸಂದ್ರದ ಔಷಧಿ ಕಂಪನಿಯ ಲ್ಯಾಬಿನಲ್ಲಿ ಮಾತ್ರೆ ಪರೀಕ್ಷೆ ಮಾಡುವ ಹುಡುಗ ದೀಪಾವಳಿಗೆ ಬಂದಾಗ, ಏನು ಕೆಲಸಪ್ಪಾ ಅಂದರೆ, 'ಕಂಪನೀಲಿದೀನಿ' ಅಂತಾನೆ. ಕೇಳಿದವರು ಇಂಜಿನಿಯರ್ ಅಂದುಕೊಂಡು ಸುಮ್ಮನಾಗುತ್ತಾರೆ. ಬಿಎಸ್‌ಸಿ ಲೆಕ್ಕಕ್ಕೆ ಅವನು ಬರುವುದೇ ಇಲ್ಲ.

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಕೊನೇ ವರ್ಷದಲ್ಲಿ ಜ್ಯಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್‌ಸಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ. ಗಣಿತ ಓದಿದ್ದರೆ ಪಿಜಿಸಿಇಟಿ ಬರೆದು ಎಂಸಿಎ. ಭಾಭಾ ಅಣು ಸಂಶೋಧನಾ ಕೇಂದ್ರ ಬಿಎಸ್‌ಸಿಯವರನ್ನು ಸ್ಟೈಪೆಂಡ್ ಕೊಟ್ಟು ಟ್ರೈನಿಗಳಾಗಿ ತೆಗೆದುಕೊಳ್ಳುತ್ತದೆ. ಐಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಭಾರತೀಯ ಅರಣ್ಯ ಸೇವೆಗೆ ಹಾಗಲ್ಲ. ಬರೀ ಬಿಕಾಂ ಮಾಡಿದವರು ಅಲ್ಲಿ ಅರ್ಜಿ ಹಾಕುವಂತಿಲ್ಲ, ನಿಮ್ಮ ಮಗಳು ಹಾಕಬಹುದು. ಇನ್ನು ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವ ಗೊಂದಲ ಬೇಡ. 2024-25ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ 3 ವರ್ಷಕ್ಕೇ ಬಂದಿದೆ.

ಇಷ್ಟು ದಾರಿ ಇದ್ದೂ ಕೆಲವರಿಗೆ ಕೆಲಸ ಯಾಕೆ ಸಿಗುವುದಿಲ್ಲ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಾರಣ ಜಾಸ್ತಿ ಇರುವುದು ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ.

ಕೆಮಿಸ್ಟ್ರಿ ಲ್ಯಾಬಿನ ಟೈಟ್ರೇಶನ್ ನೋಡಿ, ಅಂದರೆ ದ್ರಾವಣದಲ್ಲಿ ಆಸಿಡ್ ಅಥವಾ ಕ್ಷಾರ ಎಷ್ಟಿದೆ ಅಂತ ಅಳೆಯುವ ಪ್ರಯೋಗ. ಫ್ಲಾಸ್ಕಿನಲ್ಲಿ 10 ಎಂಎಲ್ ಕ್ಷಾರ, ಕ್ಷಾರದಲ್ಲಿ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಎರಡು ಹನಿ, ಮೇಲೆ ಅಳತೆ ಗೆರೆಗಳ ಗಾಜಿನ ಕೊಳವೆಯಾದ ಬ್ಯುರೆಟ್‌ನಲ್ಲಿ ಆಸಿಡ್. ಗುಲಾಬಿ ಬಣ್ಣ ಮಾಯವಾಗುವ ಆ ಒಂದು ಹನಿಗೆ ನಿಲ್ಲಿಸಬೇಕು. ನಿಜವಾಗಿ ಮಾಡಿದವರಿಗೆ ಆಸಿಡ್ 9.7, 9.9, 9.8 ಎಂಎಲ್ ಹೀಗೆ ಬರುತ್ತದೆ, ಆಮೇಲೆ ಕೈ ಕೂತು ಒಂದೇ ಅಂಕಿ ಎರಡು ಸಲ ಸಿಗುತ್ತದೆ. ರೆಕಾರ್ಡ್ ಬುಕ್ಕಿನಲ್ಲಿ ಮಾತ್ರ ಮೊದಲ ಸಾಲಿನಿಂದಲೇ 9.8, 9.8, 9.8. ಸೀನಿಯರ್ ರೆಕಾರ್ಡ್ ಪಕ್ಕಕ್ಕಿಟ್ಟುಕೊಂಡು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿರುತ್ತಾರೆ. ನಾವು ಮೇಷ್ಟ್ರುಗಳೂ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ.

ಔಷಧಿ ಕಂಪನಿಯಲ್ಲಿ ಇದೇ ಕೆಲಸ ಮಾಡಿದರೆ ಮನೆಗೆ ಕಳಿಸುತ್ತಾರೆ. ಅಲ್ಲಿ ರೀಡಿಂಗ್ ನೋಡಿದ ಕೂಡಲೇ ಪೆನ್ನಿನಲ್ಲಿ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು. ವೈಟ್ನರ್ ಮುಟ್ಟುವಂತಿಲ್ಲ. ಸುಳ್ಳು ರೀಡಿಂಗ್ ಸಿಕ್ಕಿದ್ದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಭಾರತದ ಕಂಪನಿಗಳಿಗೆ ವಾರ್ನಿಂಗ್ ಲೆಟರ್ ಕೊಟ್ಟಿದ್ದೂ ಉಂಟು. ಮೂರು ವರ್ಷ ರೆಕಾರ್ಡ್ ಕಾಪಿ ಮಾಡಿ ಪಳಗಿದ ಹುಡುಗ ಅಲ್ಲಿ ಎಷ್ಟು ದಿನ ಉಳಿದಾನು?

ನನ್ನ ಬ್ಯಾಚಿನಲ್ಲಿ ಪ್ರತಿ ಟೇಬಲ್ಲಿಗೂ ಬೇರೆ ಬೇರೆ ನಾರ್ಮಾಲಿಟಿಯ, ಅಂದರೆ ಬೇರೆ ಬೇರೆ ಸಾಂದ್ರತೆಯ ದ್ರಾವಣ ಇಡುತ್ತೇನೆ. ಪಕ್ಕದವರ ರೀಡಿಂಗ್ ಕದ್ದರೆ ಉತ್ತರ ಕೆಡುತ್ತದೆ. ಮೊದಮೊದಲು ಬೈದುಕೊಳ್ಳುತ್ತಾರೆ, ಆಮೇಲೆ ಬಾಟಲಿಯಲ್ಲಿ ಎಷ್ಟಿದೆ ಅಂತ ಕಂಡುಹಿಡಿಯುವುದಕ್ಕೆ ಪೈಪೋಟಿ ಶುರುವಾಗುತ್ತದೆ. ಇದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ, ಹಿಂದಿನ ದಿನ ಸಂಜೆ ಒಂದು ಗಂಟೆ ಜಾಸ್ತಿ ನಿಲ್ಲಬೇಕು ಅಷ್ಟೇ. ಕಲಿಯಬೇಕು ಅನ್ನುವ ಮೇಷ್ಟ್ರುಗಳಿಗೆ ಚಳ್ಳಕೆರೆ ಹತ್ತಿರ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ತರಬೇತಿಯೂ ಇದೆ.

ಹಾಗಾಗಿ ಮಗಳನ್ನು ಸೇರಿಸುವ ಮುಂಚೆ ಕಾಲೇಜಿನ ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ. ಒಬ್ಬೊಬ್ಬರಿಗೆ ಒಂದು ಬ್ಯುರೆಟ್ ಸಿಗುತ್ತದಾ, ನಾಲ್ಕು ಜನಕ್ಕೆ ಒಂದಾ ಅಂತ ಕೇಳಿ. ಬ್ಯುರೆಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ, ಫೀಸು ಕಟ್ಟದೆ ಮುಂದಿನ ಕಾಲೇಜಿಗೆ ನಡೆಯಿರಿ.