ಫ್ರಿಗೇಟ್: ಕಾಯುವುದೇ ಜಾಸ್ತಿ, ಕಾದಾಟ ಕಮ್ಮಿ

ಹಾಯಿಹಡಗುಗಳ ಕಾಲದಲ್ಲಿ ಫ್ರಿಗೇಟ್ ಎಂದರೆ ಮೂರು ಕೂವೆಮರಗಳ, ಒಂದೇ ಪೂರ್ತಿ ಅಂತಸ್ತಿನ ತುಂಬ ಫಿರಂಗಿ ಹೊತ್ತ, ಓಟದಲ್ಲಿ ಚುರುಕಾದ ಯುದ್ಧಹಡಗು. ದೊಡ್ಡ ಕದನಗಳಲ್ಲಿ ಸಾಲುಗಟ್ಟಿ ನಿಂತು ಗುಂಡು ಹಾರಿಸುತ್ತಿದ್ದುದು ಎರಡು, ಮೂರು ಅಂತಸ್ತಿನ ಭಾರೀ ಹಡಗುಗಳು. ಆ ಸಾಲಿನಲ್ಲಿ ಫ್ರಿಗೇಟ್‌ಗೆ ಜಾಗವಿಲ್ಲ. ಶತ್ರು ಎಲ್ಲಿದ್ದಾನೆಂದು ನೋಡಿ ಬರಬೇಕು, ಅವನ ಬಂದರಿನ ಹೊರಗೆ ಕಾವಲಿರಬೇಕು, ತಮ್ಮ ವ್ಯಾಪಾರಿ ಹಡಗುಗಳ ಜೊತೆ ಹೋಗಬೇಕು. 1798ರಲ್ಲಿ ನೆಪೋಲಿಯನ್‌ನ ಹಡಗುಗಳನ್ನು ಮೆಡಿಟರೇನಿಯನ್ ತುಂಬ ಹುಡುಕಿ ಬ್ರಿಟನ್ನಿನ ನೌಕಾ ಸೇನಾನಿ ನೆಲ್ಸನ್ ಸುಸ್ತಾಗಿದ್ದು ಕೈಯಲ್ಲಿ ಫ್ರಿಗೇಟ್‌ಗಳು ಇಲ್ಲದ್ದರಿಂದಲೇ.

ಬ್ರಿಟನ್ನಿನ ‘ಶ್ಯಾನನ್’ ಹಡಗಿನ ಕಥೆ ನೋಡಿದರೆ ಇದೆಲ್ಲ ಚೆನ್ನಾಗಿ ತಿಳಿಯುತ್ತದೆ. ಅದು ನೀರಿಗಿಳಿದದ್ದು 1806ರಲ್ಲಿ. ದಾಖಲೆಯಲ್ಲಿ 38 ಫಿರಂಗಿಗಳ ಹಡಗು, ಹೊತ್ತಿದ್ದು ಐವತ್ತರ ಹತ್ತಿರ. ಆ ಕಾಲದ ಲೆಕ್ಕವೇ ಹಾಗೆ! ಮರುವರ್ಷ ಅದನ್ನು ಕಳಿಸಿದ್ದು ಯುದ್ಧಕ್ಕಲ್ಲ, ಉತ್ತರದ ಹಿಮದ ಕಡಲಲ್ಲಿ ತಿಮಿಂಗಿಲ ಬೇಟೆಯವರನ್ನು ಕಾಯಲು. ಆಮೇಲೆ ವರ್ಷಗಟ್ಟಲೆ ಫ್ರೆಂಚ್ ಬಂದರುಗಳ ಕಾವಲು. 1811ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೋಯಿತು.

ಶ್ಯಾನನ್‌ನ ಕ್ಯಾಪ್ಟನ್ ಫಿಲಿಪ್ ಬ್ರೋಕ್‌ಗೆ ಫಿರಂಗಿಯ ಹುಚ್ಚು. ಗುರಿ ಹಿಡಿಯುವ ಸಾಧನಗಳನ್ನು ಸ್ವಂತ ದುಡ್ಡಿನಲ್ಲಿ ಹಾಕಿಸಿದ. ಎಲ್ಲ ಫಿರಂಗಿಗಳೂ ಒಂದೇ ಕಡೆ ತಿರುಗುವಂತೆ ಡೆಕ್ಕಿನ ಹಲಗೆಯ ಮೇಲೆ ಕೋನದ ಗುರುತು ಕೊರೆಸಿದ. ಪೀಪಾಯಿಗಳನ್ನು ತೇಲಿಬಿಟ್ಟು ಗುಂಡು ಹೊಡೆಸುತ್ತಿದ್ದ. ಬೇರೆ ಹಲವು ಕ್ಯಾಪ್ಟನ್‌ಗಳು ಮದ್ದುಗುಂಡು ಉಳಿಸಲು ನೋಡುತ್ತಿದ್ದ ಕಾಲ ಅದು.

1812ರಲ್ಲಿ ಅಮೆರಿಕದ ಜೊತೆ ಯುದ್ಧ ಶುರುವಾಯಿತು. ಅದೇ ವರ್ಷ ಗೆರಿಯರ್, ಮ್ಯಾಸಿಡೋನಿಯನ್, ಜಾವಾ ಎಂಬ ಮೂರು ಬ್ರಿಟಿಷ್ ಫ್ರಿಗೇಟ್‌ಗಳು ಅಮೆರಿಕದ ದೊಡ್ಡ ಫ್ರಿಗೇಟ್‌ಗಳಿಗೆ ಸೋತವು. ಲಂಡನ್ನಿಗೆ ಮುಖಭಂಗ. ಬ್ರೋಕ್ ಅಮೆರಿಕದ ಬಾಸ್ಟನ್ ಬಂದರಿನ ಹೊರಗೆ ಕಾಯುತ್ತಾ ಕೂತ. ಹಿಡಿದ ಹಡಗನ್ನು ಮಾರಿದರೆ ಎಲ್ಲರಿಗೂ ಪಾಲು ಸಿಗುತ್ತಿತ್ತು, ಫ್ರಿಗೇಟ್ ನಾವಿಕರ ಆಸೆಯೆಲ್ಲ ಆ ಹಣದ ಮೇಲೆಯೇ. ಆದರೆ ಹಿಡಿದ ಹಡಗನ್ನು ಬಂದರಿಗೆ ಒಯ್ಯಲು ತನ್ನ ಜನರನ್ನು ಬಿಟ್ಟುಕೊಡಬೇಕು. ಹಾಗಾಗಿ ಬ್ರೋಕ್ ಎಷ್ಟೋ ಹಡಗುಗಳನ್ನು ಸುಟ್ಟೇ ಬಿಟ್ಟ. ನಾವಿಕರು ಇದನ್ನು ಸಹಿಸಿಕೊಂಡದ್ದೇ ನನಗೆ ಗುಂಡು ಹೊಡೆದದ್ದಕ್ಕಿಂತ ದೊಡ್ಡ ಸಂಗತಿ ಅನಿಸುತ್ತದೆ.

1813ರ ಜೂನ್ 1ರಂದು ಬಾಸ್ಟನ್ನಿನಿಂದ ಅಮೆರಿಕದ ಫ್ರಿಗೇಟ್ ‘ಚೆಸಪೀಕ್’ ಹೊರಬಂತು. ಅದರ ಕ್ಯಾಪ್ಟನ್ ಜೇಮ್ಸ್ ಲಾರೆನ್ಸ್ ಅಧಿಕಾರ ವಹಿಸಿಕೊಂಡು ಕೆಲವೇ ದಿನಗಳಾಗಿದ್ದವು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಹಡಗುಗಳು. ಶ್ಯಾನನ್‌ನ ಗುಂಡುಗಳು ಚುಕ್ಕಾಣಿ ಹಿಡಿದವರನ್ನೇ ಬೀಳಿಸಿದವು. ಚೆಸಪೀಕ್ ಹತೋಟಿ ತಪ್ಪಿ ಹಿಂದಕ್ಕೆ ತೇಲಿ ಬಂದು ಶ್ಯಾನನ್‌ಗೆ ತಾಗಿತು. ಬ್ರೋಕ್ ತಾನೇ ಮುಂದಾಗಿ ಅದಕ್ಕೆ ಹಾರಿದ, ತಲೆಗೆ ಕತ್ತಿಯೇಟು ತಿಂದ. ಕಾಲು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಲಾರೆನ್ಸ್ ಹ್ಯಾಲಿಫ್ಯಾಕ್ಸ್ ಮುಟ್ಟುವ ಮೊದಲೇ ಸತ್ತ. ಹಡಗು ಬಿಟ್ಟುಕೊಡಬೇಡಿ ಎಂಬ ಅವನ ಮಾತನ್ನು ಅಮೆರಿಕದ ನೌಕಾಪಡೆ ಇವತ್ತಿಗೂ ನೆನೆಯುತ್ತದೆ. ಬ್ರೋಕ್ ಬದುಕಿದ, ಆದರೆ ಮತ್ತೆ ಯುದ್ಧಹಡಗು ನಡೆಸಲಿಲ್ಲ.

ಉಗಿಯಂತ್ರ ಬಂದ ಮೇಲೆ ಫ್ರಿಗೇಟ್ ಎಂಬ ಹೆಸರು ಹಿಂದೆ ಸರಿಯಿತು. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳಿಂದ ಸರಕು ಹಡಗುಗಳನ್ನು ಕಾಯುವ ಹೊಸ ಹಡಗುಗಳಿಗೆ ಬ್ರಿಟಿಷರು ಅದೇ ಹೆಸರಿಟ್ಟರು. ನಮ್ಮ ನೌಕಾಪಡೆಯ ತಲ್ವಾರ್, ಶಿವಾಲಿಕ್ ಕೂಡ ಫ್ರಿಗೇಟ್‌ಗಳೇ, ಕ್ಷಿಪಣಿ ಹೊತ್ತವು.

ಶ್ಯಾನನ್‌ನ್ನು 1859ರಲ್ಲಿ ಒಡೆದುಹಾಕಿದರು. ಆದರೆ ಅದರದೇ ಮಾದರಿಯ ‘ಟ್ರಿಂಕೊಮಲಿ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಈಗಲೂ ನೋಡಲು ಸಿಗುತ್ತದೆ. ಅದನ್ನು ಮಲಬಾರಿನ ತೇಗದಲ್ಲಿ ಕಟ್ಟಿದವರು ಮುಂಬಯಿಯ ವಾಡಿಯಾ ಮನೆತನದವರು. ಮೊದಲು ಕಳಿಸಿದ ನಕ್ಷೆ ಜಾವಾ ಹಡಗಿನ ಜೊತೆಗೇ ಕಳೆದುಹೋಗಿತ್ತು. ಲಂಡನ್ನಿನಿಂದ ಇನ್ನೊಂದು ನಕ್ಷೆ ತರಿಸಿಕೊಂಡು, 1817ರಲ್ಲಿ ಹಡಗನ್ನು ನೀರಿಗಿಳಿಸಿದರು.