ಹಿಟ್ಟಿನ ಕೋಳಿಯ ಪಾಪ, ಕೊಬ್ಬರಿ ಹೋರಿಯ ಭಯ

ದೀಪಾವಳಿ ಪಾಡ್ಯ ಬಂತೆಂದರೆ ಹಾವೇರಿ, ಹಾನಗಲ್ಲ, ಬ್ಯಾಡಗಿ, ಹಿರೇಕೆರೂರ ಸೀಮೆಯಲ್ಲಿ ಹೋರಿಗಳ ಮಾತೇ ಮಾತು. ಅಖಾಡದ ಎರಡೂ ಬದಿ ಬೇಲಿ. ಬೇಲಿ ಮೇಲೆ, ಟ್ರ್ಯಾಕ್ಟರ್ ಮೇಲೆ, ಮಾಳಿಗೆ ಮೇಲೆ ಜನ. ಕೊರಳಿಗೆ ಒಣಕೊಬ್ಬರಿ ಸರ, ಬೆನ್ನಿಗೆ ಜೂಲಾ, ಕೋಡಿಗೆ ಬಲೂನಿನ ಗೊಂಚಲು ಕಟ್ಟಿಸಿಕೊಂಡ ಹೋರಿಯನ್ನು ಹಲಗಿ ಸದ್ದಿನ ನಡುವೆ ಬಿಡುತ್ತಾರೆ. ಅದು ಹಾದುಹೋಗುವಾಗ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಗೊಡದೆ ದಾಟಿದರೆ ಹೋರಿ ಗೆದ್ದಂತೆ.

ಈ ಹಬ್ಬಕ್ಕೆ ಎರಡು ಹೆಸರಿದೆ. ಒಂದು ಕೊಬ್ಬರಿ ಹೋರಿ, ಇನ್ನೊಂದು ಹೋರಿ ಬೆದರಿಸೋದು. ಇಡೀ ತಕರಾರು ಎರಡನೆಯ ಹೆಸರಿನಲ್ಲೇ ಕೂತಿದೆ ಎಂಬುದು ನನ್ನ ಗಮನಕ್ಕೆ ಬಂದದ್ದು ತಡವಾಗಿ.

ಹೋರಿ ಕಟ್ಟಿದವರನ್ನು ಕೇಳಿದರೆ ಉತ್ತರ ಸಿದ್ಧ. ‘ಒಂದ ಏಟ ಹೊಡದಿಲ್ರಿ ಇದಕ್ಕ. ಮನಿ ಮಗನ್ಹಂಗ ಸಾಕೀವಿ.’ ಸುಳ್ಳಲ್ಲ. ಹುರುಳಿ, ಹಿಂಡಿ, ತತ್ತಿ, ಹಾಲು ಹಾಕಿ, ಕೆರೆಯಲ್ಲಿ ಈಜಾಡಿಸಿ ಬೆಳೆಸಿರುತ್ತಾರೆ. ಹೋರಿ ಸತ್ತರೆ ಊರೆಲ್ಲ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಉಂಟು. ಮನಸ್ಸಿನಲ್ಲಿ ಕೇಡಿಲ್ಲದ ಮೇಲೆ ಹಿಂಸೆ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಕನ್ನಡದಲ್ಲಿ ಈ ಪ್ರಶ್ನೆಗೆ ಎಂಟು ನೂರು ವರ್ಷವಾದರೂ ಆಗಿದೆ.

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ಮಾರಿಗೆ ಕೋಳಿ ಬಲಿ ಕೊಡು ಎನ್ನುತ್ತಾಳೆ. ಮಗ ಯಶೋಧರ ಒಲ್ಲೆನೆನ್ನುತ್ತಾನೆ. ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ರಾಜಿಯಾಗುತ್ತಾರೆ. ಕಡಿದಾಗ ಆ ಕೋಳಿ ಕೂಗುತ್ತದೆ. ಹಿಟ್ಟಿಗೆ ನೋವಿಲ್ಲ, ನೆತ್ತರಿಲ್ಲ. ಆದರೂ ತಾಯಿ ಮಗ ನಾಯಿ ನವಿಲುಗಳಾಗಿ ಜನ್ಮಜನ್ಮ ತೊಳಲಬೇಕಾಯಿತು. ಕೊಲ್ಲುವ ಸಂಕಲ್ಪವೇ ಕೊಲೆ ಎಂಬುದು ಜೈನರ ಕಟ್ಟುನಿಟ್ಟಿನ ಲೆಕ್ಕ. ಗದಗದ ಮಗ್ಗುಲಿನ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಕಾಲದಿಂದಲೂ ಈ ನಾಡಿನ ಕಿವಿಗೆ ಅಹಿಂಸೆ ಹೊಸ ಮಾತಾಗಿರಲಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಪಾಪ ಯಾರಿಗೆ ಎಂದು ಅದು ಕೇಳುತ್ತದೆ, ನೋವು ಯಾರಿಗೆ ಎಂದು ಕೇಳುವುದಿಲ್ಲ. ಕಥೆಯಲ್ಲಿ ಕೋಳಿಗಿಂತ ಯಶೋಧರನ ಆತ್ಮ ದೊಡ್ಡದು. ಆ ತಕ್ಕಡಿಯಲ್ಲಿ ತೂಗಿದರೆ ನಮ್ಮ ದ್ಯಾಮವ್ವನ ಜಾತ್ರೆಯಲ್ಲಿ ಕೋಣದ ಬದಲು ಕುಂಕುಮ ತುಂಬಿ ಒಡೆಯುವ ಕುಂಬಳಕಾಯಿಯೂ ಪಾಪದ ಕಾಯಿಯೇ. ಹೋರಿ ಸಾಕಿದವನು ಮಾತ್ರ ನಿರ್ದೋಷಿ, ಏಕೆಂದರೆ ಅವನ ಸಂಕಲ್ಪ ಶುದ್ಧ!

ಪ್ರಾಣಿಯ ಮುಖವನ್ನೇ ನೇರ ನೋಡಿದವರು ಹನ್ನೆರಡನೇ ಶತಮಾನದ ಬಸವಣ್ಣ. ಹಬ್ಬಕ್ಕೆ ತಂದ ಹರಕೆಯ ಕುರಿ ‘ತೋರಣಕ್ಕೆ ತಂದ ತಳಿರ ಮೇಯಿತ್ತು’ ಎನ್ನುತ್ತಾರೆ. ತನ್ನ ಸಾವಿಗೇ ಕಟ್ಟಲು ತಂದ ಸೊಪ್ಪನ್ನು ಅದು ಹಸಿವಿಗೆ ತಿನ್ನುತ್ತಿದೆ, ಅಷ್ಟೇ. ಇನ್ನೊಂದು ವಚನದಲ್ಲಿ ಮಾತಾಡುವುದು ಹೋತದ ಜೊತೆಗೇ. ವೇದ ಓದಿದವರ ಮುಂದೆ ಅಳು, ಶಾಸ್ತ್ರ ಕೇಳಿದವರ ಮುಂದೆ ಅಳು ಎಂದು ಅದಕ್ಕೆ ಹೇಳುತ್ತಾರೆ. ಅದು ಅತ್ತದ್ದಕ್ಕೆ ತಕ್ಕುದನ್ನು ಕೂಡಲಸಂಗಮದೇವ ಮಾಡುತ್ತಾನೆ. ಹೋತ ಇಲ್ಲಿ ಮನುಷ್ಯನ ಪುಣ್ಯದ ಸಾಮಗ್ರಿಯಲ್ಲ, ಫಿರ್ಯಾದಿ.

ಕೊಯ್ಯುವುದನ್ನು ಒಪ್ಪುವ ಧರ್ಮದಲ್ಲೂ ಪ್ರಾಣಿಯ ಕಡೆಯಿಂದ ಯೋಚಿಸಿದ್ದುಂಟು. ಕೊಯ್ಯುವುದಾದರೆ ಚೂರಿ ಹರಿತ ಮಾಡಿಕೊಳ್ಳಿ, ಪ್ರಾಣಿಗೆ ಸಂಕಟ ಕೊಡಬೇಡಿ ಎಂಬ ಪ್ರವಾದಿಯವರ ಮಾತು ಹದೀಸ್‌ನಲ್ಲಿದೆ. ಅದರ ಕಣ್ಣೆದುರೇ ಚೂರಿ ಮಸೆಯಬಾರದೆಂಬ ನಿಯಮವೂ ಇದೆ. ಪಾಲನೆ ಎಷ್ಟಿದೆ ಎಂಬುದು ಬೇರೆ ಮಾತು. ನಾನು ಮಟನ್ ತರುವ ಹುಬ್ಬಳ್ಳಿಯ ಅಂಗಡಿಯಾತ ಕುರಿ ಕಟ್ಟಿದ ಕಡೆಗೆ ಬೆನ್ನು ಮಾಡಿಯೇ ಚೂರಿ ಮಸೆಯುತ್ತಾನೆ. ಯಾಕೆಂದು ಕೇಳಿದ್ದಕ್ಕೆ, ‘ಅದಕ್ಕ ತಿಳಿತೈತ್ರಿ’ ಎಂದಷ್ಟೇ ಹೇಳಿದ್ದ.

ಕಾನೂನು ಬಂದದ್ದು ಬಹಳ ಆಮೇಲೆ, ಬಂದಾಗಲೂ ಎರಡು ದಿಕ್ಕಿಗೆ ಎಳೆಯಿತು. ದೇವಸ್ಥಾನ ಮತ್ತು ಅದರ ಆವರಣದಲ್ಲಿ ಬಲಿ ಕೊಡಬಾರದೆಂದು ನಮ್ಮ ರಾಜ್ಯ 1959ರಲ್ಲೇ ಕಾಯ್ದೆ ಮಾಡಿತು. ಮರುವರ್ಷ ಕೇಂದ್ರದ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಇದರ ಬೆನ್ನು ಹತ್ತಿದವರು ನರ್ತಕಿ, ರಾಜ್ಯಸಭಾ ಸದಸ್ಯೆ ರುಕ್ಮಿಣೀದೇವಿ ಅರುಂಡೇಲ್. ಅವರು ತಂದ ಖಾಸಗಿ ಮಸೂದೆಯನ್ನು ನೆಹರೂ ಭರವಸೆಯ ಮೇಲೆ ಹಿಂದೆ ಪಡೆದಿದ್ದರು. ಆದರೆ ಆ ಕಾಯ್ದೆಯ 28ನೇ ಕಲಮು, ಯಾವುದೇ ಸಮುದಾಯದ ಧರ್ಮ ಬೇಡುವ ರೀತಿಯಲ್ಲಿ ಕೊಂದರೆ ಅದು ಅಪರಾಧವಲ್ಲ ಎನ್ನುತ್ತದೆ. ಜಾತ್ರೆಗೆ ಬಂದು ನಿಂತ ಪೊಲೀಸ್ ವ್ಯಾನಿನೆದುರು ಊರ ಹಿರಿಯರು ‘ಅವರಿಗಿಲ್ಲದ್ದು ನಮಗ್ಯಾಕ್ರಿ?’ ಎಂದು ವಾದಕ್ಕಿಳಿಯುವುದು ಇದರಿಂದಲೇ.

ಹೋರಿಯ ಸರದಿ ಬಂದದ್ದು 2011ರ ಜುಲೈನಲ್ಲಿ. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಕೇಂದ್ರ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನೂ ಮಹಾರಾಷ್ಟ್ರದ ಗಾಡಿ ಓಟವನ್ನೂ ನಿಷೇಧಿಸುತ್ತ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು. ಹಸಿವು ನೀರಡಿಕೆ, ನೋವು ರೋಗಗಳ ಸಾಲಿನಲ್ಲೇ ಭಯದಿಂದ ಬಿಡುಗಡೆಯೂ ಇತ್ತು. ಏಟು ಬಿದ್ದಿದೆಯೇ ಎಂದಲ್ಲ, ಹೆದರಿದೆಯೇ ಎಂದು ಕೇಳುವ ಅಳತೆಗೋಲು ಅದು. ‘ಬೆದರಿಸುವುದು’ ಎಂದು ಹೆಸರಲ್ಲೇ ಒಪ್ಪಿಕೊಂಡ ಹಬ್ಬಕ್ಕೆ ಇದಕ್ಕಿಂತ ಬಿಗಿಯಾದ ಕುಣಿಕೆ ಬೇಕೆ?

2017ರ ಜನವರಿಯಲ್ಲಿ ಜಲ್ಲಿಕಟ್ಟು ಬೇಕೆಂದು ಹಟ ಹಿಡಿದ ಜನರಿಂದ ಚೆನ್ನೈನ ಮರೀನಾ ಕಡಲತೀರ ತುಂಬಿ, ತಮಿಳುನಾಡು ಕಾಯ್ದೆ ತಿದ್ದಿತು. ಅದೇ ವರ್ಷ ಕರ್ನಾಟಕವೂ ತಿದ್ದಿ ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳಿಗೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪರಂಪರೆ ಯಾವುದೆಂದು ತೀರ್ಮಾನಿಸುವುದನ್ನು ಶಾಸನಸಭೆಗೆ ಬಿಟ್ಟಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಎನ್ನಲು ಹಿಂದಿನ ತೀರ್ಪುಗಳ ಆಧಾರವಿಲ್ಲ ಎಂದೂ ಹೇಳಿತು. ನಮ್ಮ ಕಡೆ ಪಟಾಕಿ ಹಾರಿದವು. ಕೊಬ್ಬರಿ ಹರಿಯುವ ಆಟ ‘ಓಟ’ವೇ ಎಂದು ಅಂದು ಯಾರೂ ಕೇಳಲಿಲ್ಲ. ಕೇಳುವ ಹುಮ್ಮಸ್ಸು ನನಗೂ ಇರಲಿಲ್ಲ ಅನ್ನಿ, ಸಣ್ಣವನಿದ್ದಾಗ ಬೇಲಿ ಮೇಲೆ ಕೂತು ಸಿಳ್ಳೆ ಹೊಡೆದವನೇ ನಾನೂ.

ಕಳೆದ ಹಬ್ಬದಲ್ಲಿ ಬೇಲಿ ಬಿಟ್ಟು, ಓಡಿ ಮುಗಿದ ಹೋರಿಗಳನ್ನು ಕಟ್ಟುವ ಕಣದ ಕಡೆ ಹೋದೆ. ಗೆದ್ದ ಹೋರಿಯೊಂದು ಬೇವಿನ ಮರಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಕೊಬ್ಬರಿ ಸರ ಹಾಗೇ ಇತ್ತು. ಯಜಮಾನ ಕಾಲಿಗೆ ನೀರು ಹೊಯ್ದು, ಗಂಗೆದೊಗಲು ತಿಕ್ಕಿ, ಬಕೆಟ್ಟು ಮೂತಿಗೆ ಹಿಡಿದ. ಹೋರಿ ಕುಡಿಯಲಿಲ್ಲ, ಪಕ್ಕೆ ಏರಿಳಿಯುತ್ತಿತ್ತು. ಕೋಡಿನಲ್ಲಿ ಉಳಿದಿದ್ದ ಒಂದು ಬಲೂನು ಟೊಂಗೆಗೆ ತಾಗಿ ಒಡೆಯಿತು. ಹೋರಿ ಹಗ್ಗ ಜಗ್ಗಿ ನಿಂತಲ್ಲೇ ಗಂಜಳ ಹೊಯ್ದಿತು. ‘ಏನಿಲ್ಲೋ ರಾಜಾ, ಏನಿಲ್ಲ’ ಎನ್ನುತ್ತ ಆತ ಕೊರಳಿನ ಸರವನ್ನು ಒಂದೊಂದಾಗಿ ಬಿಚ್ಚತೊಡಗಿದ.