ವಾರಕ್ಕೊಂದೇ ಸಂಗೀತದ ಪೀರಿಯಡ್: ಮಗುವಿಗೆ ಏನಾದ್ರೂ ಬರುತ್ತಾ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಐದನೇ ಕ್ಲಾಸಿನಿಂದಲೂ ಶಾಲೆಯಲ್ಲಿ ವಾರಕ್ಕೊಂದು ಸಂಗೀತದ ಪೀರಿಯಡ್ ಇದೆ. ಇವತ್ತಿಗೂ ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಬಂದರೆ ತಡವರಿಸುತ್ತಾಳೆ. ಟೀಚರ್ ಸರಿಯಾಗಿ ಹೇಳಿಕೊಡ್ತಿಲ್ವಾ?

ಉತ್ತರ: ಟೀಚರನ್ನು ಬೈಯೋ ಮುಂಚೆ ಟೈಮ್‌ಟೇಬಲ್ ನೋಡಿ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ವಾರಕ್ಕೆ ಆರು ದಿನದಂತೆ ಹಿಡಿದರೆ ಸುಮಾರು 36 ವಾರ. 40 ನಿಮಿಷದ ಪೀರಿಯಡ್ ಅಂದರೆ ಒಟ್ಟು 24 ಗಂಟೆ. ಒಂದೂ ತಪ್ಪದಿದ್ದರೂ ಇಡೀ ವರ್ಷದ ಸಂಗೀತ ಸೇರಿ ಒಂದೇ ದಿನ!

ಆದರೆ ತಪ್ಪದೇ ಇರುತ್ತಾ? ಜನವರಿ ಬಂತೆಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿದಿಲ್ಲ ಅಂತ ಪೀರಿಯಡ್ ಕೇಳುತ್ತಾರೆ. ಸಂಗೀತದವರು ಇಲ್ಲ ಅನ್ನೋದು ಕಷ್ಟ. ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನ, ನವೆಂಬರ್‌ನಲ್ಲಿ ರಾಜ್ಯೋತ್ಸವ. ಪೀರಿಯಡ್ ಇರುತ್ತದೆ, ಅದೆಲ್ಲ ಒಂದೇ ಸಮೂಹಗೀತೆಯ ಪ್ರಾಕ್ಟೀಸಿಗೆ ಹೋಗುತ್ತದೆ. ಪ್ರತಿಭಾ ಕಾರಂಜಿ ಹೊತ್ತಿಗೆ ಚೆನ್ನಾಗಿ ಹಾಡುವ ನಾಲ್ಕೈದು ಮಕ್ಕಳಿಗೆ ತಾಲೀಮು, ಉಳಿದವರು ಸುಮ್ನೆ ಕೂತಿರುತ್ತಾರೆ.

ಇನ್ನು ಆ 40 ನಿಮಿಷದ ಒಳಗೆ ನೋಡಿ. ಮಕ್ಕಳು ಬಂದು ಕೂರೋದು, ಹಾಜರಿ, ಶ್ರುತಿ ಹಾಕೋದು, ‘ಹೋದ ವಾರ ಎಲ್ಲಿಗೆ ನಿಲ್ಲಿಸಿದ್ವಿ?’ ಅನ್ನೋದು. ಆಮೇಲೆ ಐವತ್ತು ಮಕ್ಕಳು ಒಟ್ಟಿಗೆ ಸರಳೆ ಶುರು ಮಾಡುತ್ತಾರೆ. ಸರಳೆ ಹೇಳಿಕೊಡೋದು ಮಾಯಾಮಾಳವಗೌಳ ರಾಗದಲ್ಲಿ. ಅದರ ರಿ ಷಡ್ಜಕ್ಕೆ, ಅಂದರೆ ಸಾಗೆ, ಅಂಟಿಕೊಂಡೇ ಇರುತ್ತದೆ, ಗ ಮಾತ್ರ ದೂರ. ಹೊಸದಾಗಿ ಕಲಿಯುವ ಮಕ್ಕಳು ರಿಯನ್ನು ಸ್ವಲ್ಪ ಮೇಲಕ್ಕೆ ಎಳೆದುಬಿಡುತ್ತಾರೆ. ಒಬ್ಬೊಬ್ಬರನ್ನೇ ಹಾಡಿಸಿದರೆ ಟೀಚರ್ ತಕ್ಷಣ ಹಿಡಿಯುತ್ತಾರೆ. ಐವತ್ತು ದನಿಯ ನಡುವೆ ಅದು ಕೇಳಿಸೋದೇ ಇಲ್ಲ. ತಪ್ಪು ರಿ ಹಾಗೇ ಮನೆಗೆ ಹೋಗಿ, ಏಳು ದಿನ ಅಲ್ಲೇ ಕೂತು, ಮುಂದಿನ ವಾರ ಇನ್ನಷ್ಟು ಗಟ್ಟಿಯಾಗಿ ವಾಪಸ್ ಬರುತ್ತದೆ. ನಿಮ್ಮ ಮಗಳು ಎರಡನೇ ಕಾಲದಲ್ಲಿ ತಡವರಿಸೋದಕ್ಕೂ ಬಹುಶಃ ಇದೇ ಕಾರಣ. ಮೊದಲನೇ ಕಾಲದಲ್ಲಿ ಕೂರದ ಸ್ವರ ವೇಗ ಹೆಚ್ಚಾದಾಗ ಎಲ್ಲಿ ನಿಂತೀತು?

ಹಾಗಾದರೆ ಎರಡು ಪೀರಿಯಡ್ ಇದ್ದರೆ ಸಾಕಾ? ಸಿಬಿಎಸ್‌ಇ 2019ರಲ್ಲಿ ತನ್ನ ಶಾಲೆಗಳಿಗೆ ಕಲಾ ಶಿಕ್ಷಣಕ್ಕೆ ವಾರಕ್ಕೆ ಕನಿಷ್ಠ ಎರಡು ಪೀರಿಯಡ್ ಅಂತ ಹೇಳಿತು. ಆದರೆ ಚಿತ್ರಕಲೆ, ನೃತ್ಯ, ನಾಟಕ, ಸಂಗೀತ ಎಲ್ಲವೂ ಅದರೊಳಗೇ ಬರಬೇಕು. ನನ್ನ ಕೇಳಿದರೆ, ಅದೇ 40 ನಿಮಿಷವನ್ನು ಹತ್ತು ಹತ್ತು ನಿಮಿಷದಂತೆ ನಾಲ್ಕು ದಿನಕ್ಕೆ ಹಂಚಿದರೆ ಜಾಸ್ತಿ ಪ್ರಯೋಜನ. ದಿನಕ್ಕೆ ಹತ್ತು ನಿಮಿಷ ಯಾರೂ ಸಾಲ ಕೇಳಲ್ಲ, ಅದೂ ಒಂದು ಲಾಭ! ಬೆಳಗಿನ ಪ್ರಾರ್ಥನೆ ಹೇಗೂ ಇದ್ದೇ ಇದೆ. ಅಲ್ಲಿ ಶ್ರುತಿಗೆ ಸೇರಿಸಿ ಒಂದು ಸಾ-ಪ-ಸಾ ಹಾಡಿಸಿದರೂ ಸಾಕು.

ಪೀರಿಯಡ್ ದಿನದಲ್ಲಿ ಎಲ್ಲಿ ಬರುತ್ತದೆ ಅನ್ನೋದೂ ಮುಖ್ಯ. ಬಿಸಿಯೂಟ ಮುಗಿದ ತಕ್ಷಣ ತುಂಬಿದ ಹೊಟ್ಟೆಯಲ್ಲಿ ಉಸಿರು ಎಳೆದು ಹಾಡೋದು ಕಷ್ಟ. ಪಿ.ಟಿ. ಆದ ಮೇಲೂ ಅಷ್ಟೇ, ಏದುಸಿರು. ಬೆಳಗಿನ ಎರಡನೇ, ಮೂರನೇ ಪೀರಿಯಡ್ ಒಳ್ಳೆಯದು, ಆದರೆ ಅದು ಗಣಿತ, ಇಂಗ್ಲಿಷ್‌ಗೆ ಮೀಸಲು.

ಪೋಷಕರ ಸಭೆಯಲ್ಲಿ ‘ಸಂಗೀತ ಹೇಗೆ ನಡೀತಿದೆ?’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಉತ್ತರ ಬರುತ್ತದೆ. ಹೋದ ತಿಂಗಳು ಎಷ್ಟು ಸಂಗೀತದ ಪೀರಿಯಡ್ ನಿಜವಾಗಿ ನಡೆಯಿತು ಅಂತ ಕೇಳಿ. ಮನೆಯಲ್ಲಿ ಮೊಬೈಲಿನ ಶ್ರುತಿ ಆ್ಯಪ್ ಹಾಕಿ, ಎರಡನೇ ಕಾಲ ಬಿಟ್ಟು, ಮೊದಲನೇ ಕಾಲದಲ್ಲೇ ದಿನಾ ಹತ್ತು ನಿಮಿಷ ಹಾಡಿಸಿ.